ಜೊಲೀನಳ ಮನೆಯ ಹುಲ್ಲು

ಅಪ್ಪ ಭಾನುವಾರಗಳಲ್ಲಿ ಬರುವುದನ್ನು ನಿಲ್ಲಿಸಿ ಅದು ನಾಲ್ಕನೆಯ ವಾರ. ಅಮೆರಿಕದ ಉತ್ತರದಂಚಿನ ಊರಾದ ಡುಲೂತಿನ ಗಾಲ್ಫ್ ಮೈದಾನ ಹಿಮದಡಿ ಮಲಗಿತೆಂದರೆ ಏಳುವುದು ಏಪ್ರಿಲ್ ಕಳೆದ ಮೇಲೆಯೇ. ಮಂಡಿ ಸವೆದ ಅಪ್ಪ ಆರ್ವಿಲ್‌ಗೆಂದು ಮಾರ್ಲಿಸ್ ಎರಡು ಚಳಿಗಾಲದ ಹಿಂದೆ ತನ್ನ ಕಾರನ್ನು ಗ್ಯಾರೇಜಿನಿಂದ ಹೊರಹಾಕಿ, ಒಳಗೆ ಪರದೆ ಕಟ್ಟಿ, ಪ್ರೊಜೆಕ್ಟರ್ ತೂಗುಹಾಕಿ, ಕಂಪ್ಯೂಟರ್ ಕೂರಿಸಿದ್ದಳು. ಪರದೆಗೆ ಹೊಡೆದ ಚೆಂಡು ಚಿತ್ರದ ಮೈದಾನದೊಳಗೆ ಹಾರುತ್ತಿತ್ತು. ಎಷ್ಟು ಗಜ ಹೋಯಿತೆಂಬ ಅಂಕಿ ಮೂಲೆಯಲ್ಲಿ ಮೂಡುತ್ತಿತ್ತು. ಬಯಲಲ್ಲಿ ನಿಂತ ಕಾರಿನ ಗಾಜಿನಿಂದ ದಿನಾ ಬೆಳಿಗ್ಗೆ ಮಂಜುಗಡ್ಡೆ ಕೆರೆಯುವಾಗ ಅವಳಿಗೆ ಎಂದೂ ಬೇಸರವಾಗಿರಲಿಲ್ಲ. ಈಗ ಆಗುತ್ತಿತ್ತು. ತಂಗಿ ಜೊಲೀನ್ ತನ್ನ ನೆಲಮಾಳಿಗೆಯಲ್ಲಿ ಅಂಥದ್ದೇ ಒಂದನ್ನು ಕಟ್ಟಿಸಿದ್ದಳು. ಅತ್ತ ಹೋದ ಅಪ್ಪ ಇತ್ತ ತಲೆ ಹಾಕಿರಲಿಲ್ಲ.

ಕೇಳಿದ್ದಕ್ಕೆ, ‘ಅಲ್ಲಿ ಹುಲ್ಲು ಚೆನ್ನಾಗಿ ಕಾಣುತ್ತೆ ಕಣಮ್ಮ’ ಎಂದಿದ್ದ.

‘ಹುಲ್ಲು ಅಂದ್ರೆ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡು’ ಎಂದ ಕಂಪ್ಯೂಟರ್ ಅಂಗಡಿಯ ಟೆರ್ರಿ, ಎರಡು ಡಬ್ಬಿಗಳನ್ನು ಮುಂದಿಟ್ಟು. ‘ಆದ್ರೆ ನಿಮ್ಮ ಪ್ರೊಜೆಕ್ಟರ್ ಹಳೇದು. ಈ ಚಿಕ್ಕದೇ ಧಾರಾಳ. ಕೆರೆ ಎಷ್ಟು ದೊಡ್ಡದಾದ್ರೂ ಕೊಡ ಹಿಡಿಯೋದು ಕೊಡದಷ್ಟೇ.’

‘ನನ್ನ ತಂಗಿ ಹತ್ರ ಇರೋದಕ್ಕಿಂತ ದೊಡ್ಡದು ಬೇಕು.’

‘ಅವರ ಹತ್ರ ಯಾವುದಿದೆ?’

‘ಗೊತ್ತಿಲ್ಲ.’

ಟೆರ್ರಿ ನಕ್ಕ. ‘ಹಾಗಾದ್ರೆ ನೋಡ್ಕೊಂಡು ಬನ್ನಿ. ಆಟದ ಸೆಟ್ಟಿಂಗ್ಸಲ್ಲಿ ಕಾರ್ಡಿನ ಹೆಸರಿರುತ್ತೆ.’

ಭಾನುವಾರ ಮಾರ್ಲಿಸ್ ಕರೆಯದೆಯೇ ತಂಗಿಯ ಮನೆಗೆ ಹೋದಳು. ನೆಲಮಾಳಿಗೆಯಲ್ಲಿ ಅಪ್ಪ ಪರದೆಗೆ ಚೆಂಡು ಹೊಡೆಯುತ್ತಿದ್ದ. ಜೊಲೀನ್ ಒಲೆಯೊಳಗೆ ಬೇಯುತ್ತಿದ್ದ ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್ ತರಲು ಮೇಲೆ ಹೋದದ್ದೇ ತಡ, ಕೀಬೋರ್ಡಿನ ಮುಂದೆ ಕೂತಳು. ಸೆಟ್ಟಿಂಗ್ಸ್ ಪುಟ ತೆರೆಯಿತು. ಕಾರ್ಡು ತನ್ನದಕ್ಕಿಂತಲೂ ಹಳೆಯದು. ಅವಳಿಗೆ ನಂಬಿಕೆಯಾಗಲಿಲ್ಲ, ಇನ್ನೊಮ್ಮೆ ಓದಿದಳು. ಆಮೇಲೆ ಕಣ್ಣು ಕೆಳಗಿನ ಸಾಲಿಗೆ ಬಿತ್ತು. ಮೈದಾನದ ಎತ್ತರ: ಒಂಬತ್ತು ಸಾವಿರ ಅಡಿ. ನೆಲ: ಬಲು ಗಟ್ಟಿ.

ಬೆಟ್ಟದ ನೆತ್ತಿಯ ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಗಟ್ಟಿ ನೆಲದ ಮೇಲೆ ಇನ್ನೂ ದೂರ ಉರುಳುತ್ತದೆ.

‘ನೂರ ಎಂಬತ್ತೆರಡು’ ಎಂದ ಅಪ್ಪ ಪರದೆ ನೋಡುತ್ತ. ‘ನೋಡಿದ್ಯಾ ಮಾರ್ಲಿಸ್? ನಿನ್ನ ಗ್ಯಾರೇಜಲ್ಲಿ ನೂರೈವತ್ತು ದಾಟ್ತಿರಲಿಲ್ಲ. ನಿನ್ನ ಪೆಟ್ಟಿಗೇಲೇ ಏನೋ ಐಬಿದೆ.’

ಹೋದ ವರ್ಷವೂ ಅವನು ಹೀಗೆಯೇ ಅಂದಿದ್ದ. ಆಗ ಅವಳು, ‘ಎಲ್ಲ ಸರಿಯಾಗಿದೆ ಅಪ್ಪ, ನಾನೇ ಅಳತೆ ಮಾಡಿದೀನಿ’ ಎಂದು ಹೆಮ್ಮೆಯಿಂದ ಹೇಳಿದ್ದಳು. ಅವನು ಇನ್ನಷ್ಟು ಬಲವಾಗಿ ಬೀಸಿ, ಸೊಂಟ ಹಿಡಿದುಕೊಂಡಿದ್ದ.

ಮೆಟ್ಟಿಲ ಮೇಲೆ ಜೊಲೀನ್ ಬಿಸಿ ಪಾತ್ರೆ ಹಿಡಿದು ನಿಂತುಬಿಟ್ಟಿದ್ದಳು. ತೆರೆದ ಪುಟ ಅವಳಿಗೂ ಕಾಣುತ್ತಿತ್ತು. ಒಂದು ಮಾತು ಸಾಕಿತ್ತು. ಆಡಿದ್ದರೆ ಅಪ್ಪ ಇನ್ನು ಇಲ್ಲಿಗೂ ಬರುತ್ತಿರಲಿಲ್ಲ. ಆ ಮಾತು ಮಾರ್ಲಿಸಳ ನಾಲಿಗೆಯ ತುದಿಗೆ ಬಂದು ಕೂತಿತು.

‘ಹೌದಪ್ಪ. ನನ್ನ ಕಾರ್ಡೇ ಸರಿಯಿಲ್ಲ’ ಎಂದು ಪುಟ ಮುಚ್ಚಿದಳು.

‘ನಾನು ಆವಾಗ್ಲೇ ಹೇಳ್ಲಿಲ್ವ?’ ಎಂದು ಅಪ್ಪ ಇನ್ನೊಂದು ಚೆಂಡು ಇಟ್ಟುಕೊಂಡ.

ತಟ್ಟೆ ಕೊಡುವಾಗ ಜೊಲೀನ್ ಪಿಸುಗುಟ್ಟಿದಳು, ‘ನೀನೂ ಹಂಗೇ ಇಟ್ಕೊಳೇ ಅಕ್ಕ. ಒಂದು ವಾರ ಅಲ್ಲಿಗೆ, ಒಂದು ವಾರ ಇಲ್ಲಿಗೆ ಬರ್ಲಿ.’

‘ಯಾವಾಗ ಹೊಳೀತು ನಿಂಗೆ?’

‘ಮೊದಲ್ನೇ ದಿನಾನೇ. ಅಪ್ಪ ಅಂಕಿ ನೋಡಿ ಸುಮ್ನೆ ಗ್ಲೌಸ್ ಬಿಚ್ಚಿಟ್ಟುಬಿಟ್ಟ.’

ಮೊದಲನೆಯ ದಿನವೇ. ತನ್ನ ಕಣ್ಣೆದುರಿಗೇ ಎರಡು ಚಳಿಗಾಲ ಆ ಗ್ಲೌಸನ್ನು ಅವನು ಬೇಗ ಬೇಗ ಬಿಚ್ಚಿದ್ದ; ಅವನಿಗೆ ಕಾಫಿ ಬೇಕೇನೋ ಎಂದುಕೊಂಡು ಮಾರ್ಲಿಸ್ ಒಳಗೋಡಿದ್ದಳು.

‘ಒಂಬತ್ತು ಸಾವಿರ ಅಲ್ವಾ?’ ಎಂದಳು.

‘ಹೂಂ.’

‘ನಾನು ಹತ್ತು ಇಡ್ತೀನಿ.’

ಜೊಲೀನ್ ನಕ್ಕಳು. ಮಾರ್ಲಿಸ್ ನಗಲಿಲ್ಲ.