ತಲೆಬಾಗಿಲು ಇಡುವ ಬೆಳಗ್ಗೆ

ಮಗುವಿನ ಕತ್ತಿನ ಹಿಂದೆ ಕೈಯಿಟ್ಟು ನೋಡಿದಳು ಮೇಘನ. ಬಿಸಿಯಿತ್ತು. ತನ್ನ ಕೈಯೇ ಬಿಸಿಯಿರಬೇಕೆಂದು ಅಂಗೈಯನ್ನು ಗೋಡೆಗೆ ಒತ್ತಿ ತಣಿಸಿಕೊಂಡು ಮತ್ತೆ ಮುಟ್ಟಿದಳು. ಬಿಸಿಯೇ. ಥರ್ಮಾಮೀಟರು ದಿಂಬಿನ ಪಕ್ಕದಲ್ಲೇ ಇತ್ತು. ಅದನ್ನು ತೆಗೆದುಕೊಳ್ಳಲು ಕೈ ಬರಲಿಲ್ಲ.

ಮಗಳು ಚಿನ್ನುವಿಗೆ ರಕ್ತದ ಕಾಯಿಲೆ. ಆಸ್ಪತ್ರೆಯಲ್ಲಿ ಔಷಧಿ ಏರಿಸಿ ಕಳಿಸುವಾಗಲೆಲ್ಲ ಡಾಕ್ಟರು ಒಂದೇ ಮಾತು ಹೇಳುತ್ತಿದ್ದರು. "ಜ್ವರ ಬಂದ್ರೆ ಕಾಯಬೇಡಿ. ತಕ್ಷಣ ಕರ್ಕೊಂಡು ಬನ್ನಿ. ಬಸ್ಸಲ್ಲಿ ಮಾತ್ರ ಬೇಡ." ಅವರ ಊರು ಕಿಕ್ಕೇರಿಯಿಂದ ಮೈಸೂರಿನ ಆಸ್ಪತ್ರೆಗೆ ತಕ್ಷಣ ಬರಲಾಗುವುದಿಲ್ಲ. ಅದಕ್ಕೇ ಅವರು ಮೈಸೂರಿಗೆ ಹತ್ತಿರದ ಬಾಬುರಾಯನಕೊಪ್ಪಲಿನ ಆಸರೆ ಮನೆಯಲ್ಲಿದ್ದರು. ಕಾಯಿಲೆ ಮಕ್ಕಳ ಮನೆಯವರಿಗೆಂದು ಟ್ರಸ್ಟೊಂದು ಕಟ್ಟಿಸಿದ ಮನೆ. ರೂಮು, ಊಟ ಎಲ್ಲ ಪುಕ್ಕಟೆ. ಹೊತ್ತಲ್ಲದ ಹೊತ್ತಿನಲ್ಲಿ ಮಕ್ಕಳನ್ನು ಆಸ್ಪತ್ರೆಗೆ ಒಯ್ಯಲು ಒಂದು ವ್ಯಾನೂ ಇತ್ತು.

ಪುಕ್ಕಟೆ ಸಿಕ್ಕಿದ್ದನ್ನು ತೀರಿಸಬೇಕೆಂದು ತಿಳಿದದ್ದು ಆಮೇಲೆ.

ತಪ್ಪು ಗಂಡ ಯೋಗೇಶನದೇ. ಬಂದ ಹೊಸದರಲ್ಲಿ ರೂಮಿನ ಬಾಗಿಲು ನೆಲಕ್ಕೆ ಉಜ್ಜಿ ಕಿರುಗುಟ್ಟುತ್ತಿತ್ತು. ಚಿನ್ನು ಬೆಚ್ಚಿ ಏಳುತ್ತಿದ್ದಳು. ಮರಗೆಲಸದ ಆಚಾರಿಗಳ ಮನೆಯಲ್ಲಿ ಹುಟ್ಟಿದವನಿಗೆ ಅಂಥ ಬಾಗಿಲಿನ ಪಕ್ಕ ಸುಮ್ಮನೆ ಕೂರಲು ಆಗುವುದಿಲ್ಲ. ಯಾರೂ ಕೇಳದಿದ್ದರೂ ಅದನ್ನು ಕಳಚಿ, ಅಡಿಯ ಅಂಚು ಹೆರೆದು, ಮತ್ತೆ ಕೂರಿಸಿದ. ಮ್ಯಾನೇಜರ್ ಶಿವಶಂಕರ್ ಬಂದು ಒಂದೇ ಬೆರಳಲ್ಲಿ ಬಾಗಿಲು ತಳ್ಳಿ ನೋಡಿದ.

"ಆಚಾರ್ರು ಅಂತ ಮೊದ್ಲೇ ಹೇಳ್ಬಾರ್ದಾ?" ಎಂದು ನಕ್ಕ.

ಮೊದಲು ಆಸರೆ ಮನೆಯ ಮಂಚ, ಕಿಟಕಿಗಳು. ಅಷ್ಟನ್ನು ಯೋಗೇಶ ಖುಷಿಯಿಂದಲೇ ಮಾಡಿದ. ಆಮೇಲೆ ಪಾಂಡವಪುರದ ಹತ್ತಿರ ಟ್ರಸ್ಟಿನ ಅಧ್ಯಕ್ಷರು ಕಟ್ಟಿಸುತ್ತಿದ್ದ ಸ್ವಂತ ಮನೆ. ಕೂಲಿ ಕೇಳಿದ ದಿನ ಶಿವಶಂಕರ್ ದನಿ ಏರಿಸಲಿಲ್ಲ. "ಸೇವೆ ಅನ್ಕಳಿ. ಒಂದು ರೂಮಿಗೆ ಎಷ್ಟು ಜನ ಕಾಯ್ತಾವ್ರೆ ಗೊತ್ತಾ ಆಚಾರ್ರೆ?" ಎಂದ, ಅಷ್ಟೆ.

"ಮಾಡ್ಬುಡಿ. ನಮ್ಗೆ ರೂಮು ಮುಖ್ಯ" ಎಂದು ಗಂಡನಿಗೆ ಹೇಳಿದವಳು ಮೇಘನಳೇ. ಅವನು ಅವಳ ಮುಖ ನೋಡಲಿಲ್ಲ. ಅಂದಿನಿಂದ ಆ ವಿಷಯ ಇಬ್ಬರ ನಡುವೆ ಮಾತಿಲ್ಲದೆ ಮಲಗುತ್ತಿತ್ತು, ಮಾತಿಲ್ಲದೆ ಏಳುತ್ತಿತ್ತು.

ಹೀಗೆ ತೀರಿಸುತ್ತಿದ್ದವರು ಅವರಷ್ಟೇ ಅಲ್ಲ. ಪಕ್ಕದ ರೂಮಿನ ದ್ಯಾವಮ್ಮ ಕ್ಯಾತನಹಳ್ಳಿಯವಳು, ಮೊಮ್ಮಗನ ಕಿಡ್ನಿ ಕಾಯಿಲೆಗೆಂದು ಬಂದವಳು. ಅಧ್ಯಕ್ಷರ ಕಲ್ಯಾಣಮಂಟಪದಲ್ಲಿ ಪಾತ್ರೆ ತಿಕ್ಕುವ ಸೇವೆ ಅವಳದು. "ಇಲ್ಲಿ ಸಾರ್ನಲ್ಲಿ ಬೇಳೆ ಉಡ್ಕೋಕೆ ಕನ್ನಡ್ಕ ಬೇಕು. ಅಲ್ಲಿ ಪಾತ್ರೆ ತಳ್ದಲ್ಲಿ ತುಪ್ಪ ಕಣವ್ವ" ಎನ್ನುತ್ತಿದ್ದಳು.

ಇವತ್ತು ಅಧ್ಯಕ್ಷರ ಮನೆಗೆ ತಲೆಬಾಗಿಲು ಇಡುವ ಶಾಸ್ತ್ರ. ಬೆಳಗ್ಗೆಯೇ ಮುಹೂರ್ತ. ತೇಗದ ಚೌಕಟ್ಟನ್ನು ಕೆತ್ತಿದವನು ಯೋಗೇಶ. ಕೆತ್ತಿದ ಆಚಾರಿಯೇ ಅದಕ್ಕೆ ಮೊದಲ ಪೂಜೆ ಮಾಡಿ ನಿಲ್ಲಿಸಿಕೊಡಬೇಕು. ಅವನಿರುವಾಗ ಇನ್ನೊಬ್ಬ ಆಚಾರಿ ಅದನ್ನು ಮುಟ್ಟುವುದಿಲ್ಲ.

"ಅಮ್ಮ, ಚಳಿ" ಎಂದಳು ಚಿನ್ನು.

ಥರ್ಮಾಮೀಟರು ನೂರೆರಡು ತೋರಿಸಿತು. ಯೋಗೇಶ ಅದನ್ನು ಬೆಳಕಿಗೆ ಹಿಡಿದ. ಮೇಘನ ಅಂಗಳಕ್ಕೆ ಓಡಿದಳು. ವ್ಯಾನ್ ನಿಲ್ಲುವ ಜಾಗ ಖಾಲಿಯಿತ್ತು.

"ವ್ಯಾನಾ? ನಸುಕ್ನಲ್ಲೇ ಒಂಟೋಯ್ತಲ್ಲ" ಎಂದಳು ದ್ಯಾವಮ್ಮ. "ಬಾಳೆಕಂದು, ಅಡ್ಗೆ ಕೊಳದಪ್ಪಲೆ ತುಂಬ್ಕಂಡು ಆ ಮನೆ ಶಾಸ್ತ್ರಕ್ಕೆ ಓದ್ರು. ಮಕ್ಳು ಮಲಗೋ ಜಾಗ್ದಲ್ಲಿ ಬಾಳೆಕಂದು ಮಲಿಕ್ಕಂಡಿದ್ವು." ಮೇಘನಳ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾಕವ್ವ? ಮಗೀಗೇನಾಯ್ತು?"

ಕಬ್ಬಿನ ಗದ್ದೆಗಳ ನಡುವಿನ ಆ ಓಣಿಗೆ ಅಷ್ಟೊತ್ತಿಗೆ ಆಟೋ ಬರುವುದಿಲ್ಲ. ಆಂಬುಲೆನ್ಸ್ ಬರಲು ಒಂದು ಗಂಟೆ ಬೇಕೆಂದರು. ಯೋಗೇಶ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದ. ಎಲ್ಲ ಕಡೆ ರಿಂಗಾಗಿ ನಿಂತಿತು. ಆಗ ಶಿವಶಂಕರ್ ಕಾರು ಬಂತು. ಮೇಘನಳಿಗೆ ಜೀವ ಬಂದಂತಾಯಿತು. ಅದೂ ಒಂದು ಗಳಿಗೆ.

"ರೆಡಿನಾ ಆಚಾರ್ರೆ? ಹತ್ತಿ ಬೇಗ."

"ಸಾರ್, ಮಗೀಗೆ ಜ್ವರ. ಮೊದ್ಲು ಮೈಸೂರ್ಗೆ ಬುಟ್ಟು..." ಎಂದ ಯೋಗೇಶ.

"ಮುಹೂರ್ತ ಮೀರೋಯ್ತದೆ. ನಿಮ್ಮನ್ನ ಅಲ್ಲಿ ಇಳ್ಸಿ ಇದೇ ಕಾರು ವಾಪಸ್ ಕಳಿಸ್ತೀನಿ. ಅಲ್ಲೀಗಂಟ ಒಂದು ಮಾತ್ರೆ ನುಂಗ್ಸಿ. ಮಕ್ಳಿಗೆ ಜ್ವರ ಬರೋದು ಹೊಸಾದಾ?"

"ಡಾಕ್ಟ್ರು ಕಾಯಬ್ಯಾಡಿ ಅಂದವ್ರೆ ಸಾರ್."

"ಆಗಕಿಲ್ಲ ಅಂದ್ರೆ ಅದ್ನೇ ಹೇಳ್ಬುಡಿ. ಸಂಜೆ ಒಳ್ಗೆ ರೂಮು ಖಾಲಿ ಮಾಡಿ."

ಯೋಗೇಶ ಹೆಂಡತಿಯ ಕಡೆ ನೋಡಿದ. ಹೋಗಿ ಎನ್ನುತ್ತಾಳೆಂದು ಕಾಯುತ್ತಿದ್ದ. ಅವಳ ನಾಲಿಗೆಯ ಮೇಲೆ ಇದ್ದದ್ದೂ ಅದೇ ಮಾತು. ರೂಮು ಹೋದರೆ ನಾಳೆ ಜ್ವರ ಬಂದಾಗ ಎಲ್ಲಿಂದ ಓಡುವುದು? ಇವತ್ತು ಓಡದಿದ್ದರೆ ನಾಳೆ ಜ್ವರ ಬರುವುದು ಯಾರಿಗೆ?

ಅವಳು ಒಳಗೆ ಹೋದಳು. ಚಿನ್ನುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ಕಾರಿನ ಹಿಂದಿನ ಬಾಗಿಲು ತೆಗೆದು ಕೂತುಬಿಟ್ಟಳು.

"ಏನಮ್ಮ ಇದು? ಇಳೀರಿ."

ಅವಳು ಕಂಬಳಿಯನ್ನು ಮಗುವಿನ ಸುತ್ತ ಇನ್ನಷ್ಟು ಬಿಗಿಮಾಡಿದಳು. ಇಳಿ ಎಂದು ಇನ್ನೊಮ್ಮೆ ಗದರಿದ್ದರೆ ಇಳಿದೇಬಿಡುತ್ತಿದ್ದಳೇನೋ. ಅಷ್ಟರಲ್ಲಿ ದ್ಯಾವಮ್ಮ ಬಂದು ಕಾರಿನ ಮುಂದೆ ನಿಂತಳು.

"ಅವಳು ಇಳಿಯಾಕಿಲ್ಲ ಕಣಪ್ಪ. ಆಸ್ಪತ್ರೆಗೆ ನಡಿ."

"ನಿಂಗೂ ರೂಮು ಬ್ಯಾಡ್ವಾ ಅಜ್ಜಿ?"

"ಬೇಕು ಕಣ್ಲಾ. ಬೇಕು ಅಂತ್ಲೇ ಎರಡು ತಿಂಗ್ಳಿಂದ ನಿಮ್ಮ ಕೊಳದಪ್ಪಲೆ ತಿಕ್ತಾ ಇವ್ನಿ. ಖಾಲಿ ಮಾಡ್ಸದಾದ್ರೆ ಎಲ್ಲಾರ್ದೂ ಒಟ್ಗೇ ಮಾಡ್ಸು."

ಉಳಿದ ರೂಮುಗಳ ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಒಬ್ಬಳ ಕಂಕುಳಲ್ಲಿ ಮೂಗಿಗೆ ನಳಿಕೆ ಹಾಕಿದ ಕೂಸು. ಗೇಟಿನ ಹತ್ತಿರ ಹೋಗಿ ದ್ಯಾವಮ್ಮನ ಹಿಂದೆ ನಿಂತರು. ಅವರ ಮುಖದಲ್ಲೂ ಹೆದರಿಕೆಯೇ ಇತ್ತು.

ಯೋಗೇಶ ಬಗ್ಗಿ ಕಾರಿನ ಕಿಟಕಿಯಲ್ಲಿ ಮುಖವಿಟ್ಟ. ತೀರ ಸಣ್ಣ ದನಿಯಲ್ಲಿ ಹೇಳಿದ.

"ಆ ಚೌಕಟ್ಟು ನಾನು ಕೆತ್ತಿರೋದು ಸಾರ್. ನಮ್ಮೋರು ಇನ್ಯಾರೂ ಅದನ್ನ ಮುಟ್ಟಾಕಿಲ್ಲ. ನನ್ನ ಮಗಳು ಆಸ್ಪತ್ರೆ ಮಂಚದ ಮ್ಯಾಲೆ ಮಲಗೋಗಂಟ ನಾನೂ ಮುಟ್ಟಾಕಿಲ್ಲ."

ಶಿವಶಂಕರ್ ಗಡಿಯಾರ ನೋಡಿದ, ಗೇಟು ನೋಡಿದ. ಕೊನೆಗೆ ಗಾಡಿ ಸ್ಟಾರ್ಟ್ ಮಾಡಿದ. ಯೋಗೇಶ ಹಿಂದೆ ಹತ್ತಿದ. ದ್ಯಾವಮ್ಮ ಮೊಮ್ಮಗನನ್ನು ನೋಡಿಕೊಳ್ಳಲು ಒಬ್ಬಳಿಗೆ ಹೇಳಿ, ಕೇಳದೆಯೇ ಮುಂದಿನ ಸೀಟಿನಲ್ಲಿ ಕೂತಳು. "ದಾರಿ ತಪ್ದಂಗೆ ನೋಡ್ಕತೀನಿ" ಎಂದಳು.

ಹೆದ್ದಾರಿಗೆ ಬಂದಾಗ ಕಾರು ಅರೆಗಳಿಗೆ ನಿಂತಿತು. ಒಂದು ಕಡೆ ಪಾಂಡವಪುರ, ಒಂದು ಕಡೆ ಮೈಸೂರು. ಶಿವಶಂಕರ್‌ನ ಫೋನು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಅಧ್ಯಕ್ಷರ ಮುಖ. ಅವನ ಕೈ ಅತ್ತ ಹೋಯಿತು.

ಮೇಘನಳ ಕುತ್ತಿಗೆಗೆ ಮಗುವಿನ ಉಸಿರು ಕೆಂಡದಂತೆ ತಾಗುತ್ತಿತ್ತು. ಸಂಜೆಗೆ ರೂಮು ಇರುತ್ತದೋ ಇಲ್ಲವೋ. ಸಂಜೆ ಎಂಬುದು ಬಹಳ ದೂರವಿತ್ತು.

"ಜೋರಾಗಿ ಓಡ್ಸಿ" ಎಂದಳು.

ಆಸರೆ ಮನೆಗೆ ಬಂದ ಮೇಲೆ ಅವಳು ಶಿವಶಂಕರ್ ಜೊತೆ ಆಡಿದ ಮೊದಲ ಮಾತು ಅದು. ಕಾರು ಮೈಸೂರಿನ ಕಡೆಗೆ ತಿರುಗಿತು. ಫೋನು ಬಡಿದುಕೊಳ್ಳುತ್ತಲೇ ಇತ್ತು.