ಬರಹ ಬೇಡವೆಂದ ನಲವತ್ತೆಂಟು ಕಪ್

ಹದಿನೆಂಟು ವರ್ಷ ನಾನು ಮಣ್ಣಿನ ಪಾತ್ರೆಗಳ ಮೇಲೆ ಬುದ್ಧಿಮಾತು ಬರೆದೆ. ಬೇಸಿಗೆಯಲ್ಲಿ ಇಂಗ್ಲೆಂಡಿನ ಟಾರ್ಕಿ ಊರಿನ ಸಮುದ್ರ ನೋಡಲು ಬಂದು, ಹೋಗುವಾಗ ಒಂದು ಜಗ್ಗು ಕೊಂಡುಹೋದವರ ಮನೆಯಲ್ಲಿ ನನ್ನ ಕೈಬರಹ ಇದ್ದೇ ಇರುತ್ತದೆ. ಜಂಬಕ್ಕೆ ಹೇಳುತ್ತಿಲ್ಲ. ಜಂಬವೆಂದೇ ತಿಳಿದುಕೊಂಡರೂ ನನಗೆ ಬೇಜಾರಿಲ್ಲ.

ಕೆಲಸ ಹೀಗೆ: ನಮ್ಮ ಡೆವನ್ನಿನ ಕೆಂಪು ಮಣ್ಣಿನ ಹಸಿ ಜಗ್ಗನ್ನು ಬಿಳಿ ಮಣ್ಣಿನ ತೆಳು ಗಂಜಿಯಲ್ಲಿ ಅದ್ದಿ ತೆಗೆಯುತ್ತಾರೆ. ಒಂದು ಬದಿಗೆ, ನನ್ನ ಪಕ್ಕದ ಬೆಂಚಿನ ಡಾರ್ಕಸ್ ಹುಲ್ಲುಮಾಡಿನ ಮನೆಯ ಚಿತ್ರ ಬರೆಯುತ್ತಾಳೆ. ಇನ್ನೊಂದು ಬದಿಗೆ, ಲೇಪ ಒಣಗುವ ಮುಂಚೆ, ಕಡ್ಡಿಗೆ ಸಿಕ್ಕಿಸಿದ ಮೊಳೆಯಿಂದ ನಾನು ಗೀಚುತ್ತೇನೆ. ಬಿಳಿ ಎದ್ದು ಹೋಗಿ ಒಳಗಿನ ಕೆಂಪು ಅಕ್ಷರವಾಗುತ್ತದೆ. ದಿನಕ್ಕೆ ಇನ್ನೂರು ಪಾತ್ರೆ. ಗೀಚಿದ್ದನ್ನು ಅಳಿಸಲು ಬರುವುದಿಲ್ಲ, ನನಗೆ ಅಳಿಸುವ ಪ್ರಮೇಯವೂ ಬರುತ್ತಿರಲಿಲ್ಲ.

ಕಾರ್ಖಾನೆಯ ಗೋಡೆಗೆ ಎಂಬತ್ತು ಗಾದೆಗಳ ಪಟ್ಟಿ ತೂಗುಹಾಕಿತ್ತು. ನಮ್ಮ ಮುತ್ತಜ್ಜಿಯರು ಅಡುಗೆಮನೆಯಲ್ಲೂ ಹೊಲದಲ್ಲೂ ಆಡಿಬಿಟ್ಟ ಮಾತುಗಳು. ಅವನ್ನು ಪೂರ್ತಿ ಹೇಳುವಷ್ಟು ಪುರುಸೊತ್ತು ನಮಗ್ಯಾರಿಗೂ ಇರಲಿಲ್ಲ. ‘ಹನ್ನೆರಡು ಹಾಲು, ಆರು ಹೊಲಿಗೆ, ನಾಲ್ಕು ಬೆಕ್ಕು’ ಎಂದರೆ ಮುಗಿಯಿತು, ಯಾವ ಗಾದೆ ಎಷ್ಟು ಪಾತ್ರೆಗೆ ಬರೆಯಬೇಕೆಂದು ತಿಳಿಯುತ್ತಿತ್ತು. ಕೆಲವಕ್ಕೆ ಹೆಸರೂ ಇಲ್ಲ, ಬರೀ ಅಂಕಿ. ಬೇಗ ಮಾಡು ಎನ್ನುವುದು ಹಾಲಿನ ಜಗ್ಗಿನ ಮೇಲೆ, ತಡೆದು ಮಾಡು ಎನ್ನುವುದು ಸಕ್ಕರೆ ಬಟ್ಟಲಿನ ಮೇಲೆ. ಎರಡನ್ನೂ ಒಬ್ಬಳೇ ಹೆಂಗಸು ಒಟ್ಟಿಗೆ ಕೊಂಡುಕೊಂಡು ಖುಷಿಯಾಗಿ ಹೋಗುತ್ತಿದ್ದಳು. ನಾನು ಅದನ್ನು ನೋಡಿ ನಗುತ್ತಿದ್ದೆನೇ ಹೊರತು ಆ ಮಾತುಗಳನ್ನು ಹಗುರವಾಗಿ ಕಂಡವಳಲ್ಲ. ಯಾರಿಗೆ ಯಾವ ಮಾತು ಸಲ್ಲುತ್ತದೆಂದು ಮುಖ ನೋಡಿ ಹೇಳಬಲ್ಲೆ ಎಂಬ ಧೈರ್ಯ ನನಗಿತ್ತು. ಕೇಳಿದವರಿಗೆ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಯುದ್ಧ ಮುಗಿದು ಏಳೆಂಟು ವರ್ಷವಾಗಿದ್ದ ಕಾಲ. ಒಂದು ಮೇ ತಿಂಗಳ ಬೆಳಿಗ್ಗೆ ನಮ್ಮ ಮೇಸ್ತ್ರಿ ವಿಜರ್ ಬಾಯಲ್ಲಿ ಪೈಪು ಕಚ್ಚಿಕೊಂಡು, ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ನನ್ನ ಬೆಂಚಿನ ಹತ್ತಿರ ಬಂದ.

“ಥರ್ಜಾ, ಇದನ್ನ ಕೇಳಮ್ಮ. ‘ನಲವತ್ತೆಂಟು ಕಪ್ಪು, ನಲವತ್ತೆಂಟು ಸಾಸರು. ಬಿಳಿ ಲೇಪ ಸಾಕು. ಬರಹ ಬೇಡ. ಒಂದಕ್ಷರಾನೂ ಬೇಡ.’ ಮಿಠಾಯಿ ಅಂಗ್ಡಿಗೆ ಬಂದು ಸಿಹಿ ಇಲ್ದಿರೋದು ಕೊಡಿ ಅಂತಾರಲ್ಲ, ಯಾರಪ್ಪ ಇವ್ರು? ಡಾರ್ಟ್‌ಮತ್‌ನಲ್ಲಿ ಟೀ ಅಂಗ್ಡಿ ಇಡ್ತಾರಂತೆ. ಟಿ. ಹ್ಯಾನಫರ್ಡ್.”

“ನನ್ ತಂಗಿ,” ಎಂದೆ.

ವಿಜರ್ ಬಾಯಿಂದ ಪೈಪು ತೆಗೆದ. ಅವನಿಗೆ ಕಥೆ ಗೊತ್ತಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ತಂಗಿಯ ಹೆಸರು ಟ್ರೈಫೀನಾ. ನನಗೆ ಫೀನಾ. ಅಮ್ಮ ಸತ್ತಾಗ ಅವಳಿಗೆ ಒಂಬತ್ತು, ನನಗೆ ಇಪ್ಪತ್ತು. ತಲೆ ಬಾಚಿದ್ದು, ಕೈತುತ್ತು ಹಾಕಿದ್ದು, ಓದಿಸಿದ್ದು ಎಲ್ಲ ನಾನೇ. ಅವಳು ಸರಾಗವಾಗಿ ಓದಲು ಕಲಿತದ್ದು ಕಾರ್ಖಾನೆಯಿಂದ ನಾನು ತಂದ ಒಡಕು ಜಗ್ಗುಗಳ ಮೇಲೆ. ಅಂಥವಳು ಇಪ್ಪತ್ತೆರಡಕ್ಕೆ ಬಂದಾಗ ಡಾರ್ಟ್‌ಮತ್‌ನ ದೋಣಿಗಾರ ರೂಬೆನ್ ಹ್ಯಾನಫರ್ಡನನ್ನು ಮದುವೆಯಾಗುತ್ತೇನೆಂದಳು. ಏಳೇ ವಾರದ ಪರಿಚಯ! ನಾನು ಬಾಯಿಗೆ ಬಂದಹಾಗೆ ಅಂದೆ. ಅವಳೂ ಅಂದಳು. ಮದುವೆಯ ದಿನಕ್ಕೆ ಒಂದು ದೊಡ್ಡ ಜಗ್ಗು ಮಾಡಿಸಿ, ಅದರ ಮೇಲೆ ನನ್ನ ಕೈಯಾರೆ ಅರವತ್ತಮೂರನೆಯದನ್ನು ಬರೆದು, ಪೆಟ್ಟಿಗೆಗೆ ಹುಲ್ಲು ತುಂಬಿ ಕಳಿಸಿದೆ. ಅರವತ್ತಮೂರು ಆತುರದ ಮದುವೆ, ಆಮೇಲಿನ ಪಶ್ಚಾತ್ತಾಪದ ಬಗ್ಗೆ ಇರುವ ಮಾತು. ಅಷ್ಟು ಹೇಳಿದರೆ ಸಾಕು.

ಅವಳಿಂದ ಮರು ಓಲೆ ಬರಲಿಲ್ಲ. ಆರು ವರ್ಷ ಬರಲಿಲ್ಲ. ನಾನೂ ಬರೆಯಲಿಲ್ಲ. ಆ ಜಗ್ಗು ನೋಡಿ ಅವಳ ಮೈ ಉರಿದುಹೋಗಿರಬೇಕೆಂದು ಮೊದಮೊದಲು ಒಳಗೊಳಗೇ ಹಿಗ್ಗಿದೆ. ಆಮೇಲಾಮೇಲೆ ಆ ಹಿಗ್ಗು ಕರಗಿ ಬರೀ ಸಂಕಟ ಉಳಿಯಿತು. ಸಂಕಟವನ್ನು ಯಾರಿಗೂ ತೋರಿಸಲಿಲ್ಲ, ಅಷ್ಟೆ.

ವಿಜರ್ ಅತ್ತ ಹೋದ ಮೇಲೆ ಡಾರ್ಕಸ್ ಕುಂಚ ಕೆಳಗಿಟ್ಟಳು.

“ನಿನ್ ಕೆನ್ನೆಗೇ ಬಾರಿಸಿದ್ದಾಳೆ ಕಣೇ.”

“ಗೊತ್ತು. ಬಾರಿಸ್ಲಿ ಬಿಡು. ಕಪ್ ಹೋಗ್ತವೆ, ಸಾಸರ್ ಹೋಗ್ತವೆ, ಮುಗೀತು.”

“ನಿನ್ ತಲೆ. ಈ ಸುತ್ತಿನಲ್ಲಿ ಇನ್ನೂ ಮೂರು ಕಾರ್ಖಾನೆ ಇವೆ. ಬೋಳು ಕಪ್ ಎಲ್ಲಿ ಬೇಕಾದ್ರೂ ಸಿಗತ್ತೆ. ಬರಹ ಬೇಡ ಅನ್ನೋಳು ಬರಹದೋಳಿರೋ ಕಡೇಗೇ ಯಾಕೆ ಕಾಗದ ಹಾಕ್ತಾಳೆ? ಎಲ್ರಿಗೂ ಬುದ್ಧಿ ಹೇಳ್ತೀಯಲ್ಲ, ಇದಕ್ಕೆ ಒಸಿ ನಿನ್ ಬುದ್ಧಿ ಓಡ್ಸು.”

ನಾನು ಮೊಳೆ ಎತ್ತಿಕೊಂಡು ಮುಂದಿನ ಜಗ್ಗಿಗೆ ಕೈಹಾಕಿದೆ. ಊರಿಗೆಲ್ಲ ಬುದ್ಧಿ ಹೇಳುವವಳಿಗೆ ತಾನು ಬುದ್ಧಿ ಹೇಳಿದೆನೆಂದು ಅವಳು ವಾರವಿಡೀ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಆವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಕೈಯಲ್ಲಿ ರೊಟ್ಟಿ ಚೀಸು ಹಿಡಿದುಕೊಂಡು ಪಟ್ಟಿಯ ಮುಂದೆ ನಿಂತೆ. ಫೀನಾಳ ಹತ್ತಿರ ತಪ್ಪಾಯಿತೆಂದು ಹೇಳಬೇಕು, ಈ ಸಲ ಬಿಡಬಾರದು ಎಂದು ತೀರ್ಮಾನಿಸಿದ್ದೆ. ಎಂಬತ್ತರಲ್ಲಿ ಅದಕ್ಕೊಂದು ಸಿಕ್ಕದೆ ಹೋಗುತ್ತದೆಯೇ? ಒಂದರಿಂದ ಶುರುಮಾಡಿದೆ. ನೀನು ತಾಳಿಕೋ, ನೀನು ಉಳಿಸು, ನೀನು ಬೇಗ ಏಳು, ನೀನು ನಾಲಿಗೆ ಹಿಡಿ, ನೀನು ನೋಡಿ ಹೆಜ್ಜೆಯಿಡು. ಎಂಬತ್ತರವರೆಗೂ ಹೋದೆ, ಎಲ್ಲದರ ಬೆರಳೂ ಎದುರಿಗಿದ್ದವರ ಕಡೆಗೇ. ‘ನಾನು ತಪ್ಪಿದೆ’ ಎನ್ನುವುದು ಒಂದೂ ಇಲ್ಲ. ಇನ್ನೊಬ್ಬರನ್ನು ಕ್ಷಮಿಸೆನ್ನುವುದು ಎರಡಿದ್ದವು. ಅವನ್ನು ಕಳಿಸಿದ್ದರೆ ಫೀನಾ ಅದೇ ಕಪ್ಪಿನಲ್ಲಿ ನನ್ನ ತಲೆಗೆ ಹೊಡೆಯುತ್ತಿದ್ದಳು, ಸರಿಯಾಗಿಯೇ ಹೊಡೆಯುತ್ತಿದ್ದಳು.

ಹದಿನೆಂಟು ವರ್ಷ ಬರೆದ ಪಟ್ಟಿ ನನ್ನ ಕೈಬಿಟ್ಟಿತಲ್ಲ ಎಂದು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಪಟ್ಟಿಯ ತಪ್ಪೇನು? ಆ ಮುತ್ತಜ್ಜಿಯರಿಗೂ ತಮ್ಮ ತಂಗಿಯರ ಹತ್ತಿರ ತಪ್ಪಾಯಿತೆನ್ನುವ ಹೊತ್ತು ಬಂದಿರಬೇಕು. ಆಗ ಅವರು ಅದನ್ನು ಮೆಲ್ಲಗೆ ಅಂದಿರಬೇಕು, ಬೇರೆ ಯಾರ ಕಿವಿಗೂ ಬಿದ್ದಿಲ್ಲ.

ಸರಿ, ನನ್ನ ಸ್ವಂತ ಮಾತನ್ನೇ ಬರೆಯೋಣವೆಂದುಕೊಂಡೆ. ಕಪ್ಪಿನ ಮೇಲೆ ಬರೆಯುವಂತಿಲ್ಲ. ಹಾಗಾಗಿ ಒಂದರ ತಳದಲ್ಲಿ, ಮೇಜಿಗೆ ತಾಗುವ ಬಳೆಯಂಥ ಅಂಚಿನ ಒಳಗೆ ಬರೆಯಲು ಕೂತೆ. ಮೊದಲನೆಯದರಲ್ಲಿ ಮಾತು ಉದ್ದವಾಯಿತು. ಎರಡನೆಯದರಲ್ಲಿ ನನಗೇ ಗೊತ್ತಿಲ್ಲದೆ ಅವಳಿಗೊಂದು ಬುದ್ಧಿಮಾತು ಸೇರಿಕೊಂಡಿತ್ತು. ಎರಡನ್ನೂ ಹಿಚುಕಿ ಮಣ್ಣಿನ ಗುಡ್ಡೆಗೆ ಎಸೆದೆ. ಮೂರನೆಯದರಲ್ಲಿ ಬರೆದೆ: ‘ಜಗ್ಗಿನ ಮೇಲೆ ಬರೆದದ್ದು ನನ್ನ ತಪ್ಪು. ಥರ್ಜಾ.’

ವಿಜರ್ ಅದನ್ನು ಎತ್ತಿ ನೋಡಿದ, ಗಂಟಲು ಸರಿಮಾಡಿಕೊಂಡ, ಉಳಿದವುಗಳ ಜೊತೆ ಸುಡುವ ಆವಿಗೆಗೆ ಇಟ್ಟ. “ಕೊಂಡೋರು ತಳ ನೋಡಲ್ಲ ಬಿಡು,” ಎಂದ.

“ನನ್ ತಂಗಿ ನೋಡ್ತಾಳೆ,” ಎಂದೆ.

ಪಾತ್ರೆ ಸುಟ್ಟು ತಣಿದ ಮೇಲೆ ಪೆಟ್ಟಿಗೆಗಳನ್ನು ನಾನೇ ಒಯ್ದೆ. ಅಂಗಡಿ ತೆರೆಯುವ ಹಿಂದಿನ ದಿನ ಅದು, ಶುಕ್ರವಾರ. ಕಿಂಗ್ಸ್‌ವೇರಿನವರೆಗೆ ರೈಲು, ಅಲ್ಲಿಂದ ಹೊಳೆ ದಾಟಬೇಕು. ದಡದಲ್ಲಿ ದೋಣಿಯ ಹಗ್ಗ ಹಿಡಿದು ನಿಂತಿದ್ದವನು ರೂಬೆನ್. ದಪ್ಪಗಾಗಿದ್ದ. ನನ್ನನ್ನು ನೋಡಿ ಮೊದಲು ಹುಬ್ಬೇರಿಸಿದ, ಆಮೇಲೆ ನಕ್ಕ.

“ಬನ್ನಿ ಅತ್ತಿಗೆ, ಬನ್ನಿ. ಪೆಟ್ಟಿಗೆ ಇತ್ಲಾಗೆ ಕೊಡಿ. ನಿಮ್ ಜಗ್ಗು ಇನ್ನೂ ಗಟ್ಟಿಮುಟ್ಟಾಗಿದೆ ಕಣ್ರೀ, ಒಂದು ಹನಿ ಸೋರಿಲ್ಲ.”

ಚುಚ್ಚುತ್ತಿದ್ದಾನೆ ಎಂದುಕೊಂಡೆ. ಚುಚ್ಚಿಸಿಕೊಳ್ಳಲೆಂದೇ ಹೊರಟವಳು, ದೋಣಿ ಹತ್ತಿ ಕೂತೆ.

ಅಂಗಡಿ ಹೊಳೆಯ ಪಕ್ಕದ ಓಣಿಯಲ್ಲಿತ್ತು. ಆರು ಮೇಜು, ನೀಲಿ ಚೌಕುಳಿ ಬಟ್ಟೆ, ಒಲೆಯ ಮೇಲೆ ಹೊಸ ಕೆಟಲು. ಫೀನಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಮುಖ ಥೇಟ್ ಅಮ್ಮನದೇ.

“ಮೇಸ್ತ್ರಿ ಕಳಿಸ್ತಾರೆ ಅಂದ್ಕೊಂಡಿದ್ದೆ,” ಎಂದಳು.

“ನಾನೇ ತಂದೆ.”

“ಇಡು. ಎಣಿಸ್ತೀನಿ.”

ಅವಳು ಎಣಿಸಲಿಲ್ಲ, ಒಂದೊಂದನ್ನೂ ಹುಲ್ಲಿನಿಂದ ತೆಗೆದು ಸುತ್ತ ತಿರುಗಿಸಿ ನೋಡಿದಳು. ಒಳಗೆ ನೋಡಿದಳು, ತಳ ನೋಡಿದಳು.

“ಏನ್ ಹುಡುಕ್ತಿದ್ದೀಯ?” ಎಂದೆ.

“ನೀನು ಸುಮ್ನೆ ಇರೋಳಲ್ಲ, ಅಕ್ಕ. ಎಲ್ಲೋ ಒಂದ್ಕಡೆ ಗೀಚೇ ಗೀಚಿರ್ತೀಯ.”

ಮೂವತ್ತೊಂದನೆಯದು ಸಿಕ್ಕಿತು. ಬೆಳಕಿಗೆ ಹಿಡಿದು ಓದಿದಳು. ಇನ್ನೊಂದು ಸಲ ಓದಿದಳು. ಅವಳ ಹುಬ್ಬು ಗಂಟಾಯಿತು.

“ಜಗ್ಗಾ? ಯಾವ್ ಜಗ್ಗು?”

“ಇನ್ಯಾವ್ದೇ? ಮದ್ವೇದು!”

“ಅದಾ! ಅದರಲ್ಲೇ ಅಲ್ವಾ ದಿನಾ ಹಾಲು ಹಾಕಿಡೋದು. ಬಂದೋರಿಗೆಲ್ಲ ಅದನ್ನ ಓದಿ ಹೇಳಿ, ಆರು ವರ್ಷ ಆಯ್ತು ಇವ್ಳಿಗೆ ಇನ್ನೂ ಪಶ್ಚಾತ್ತಾಪ ಶುರುವಾಗಿಲ್ಲ ಅಂತ ನಗಾಡ್ತಾರೆ ನಮ್ಮನೆಯವ್ರು. ಅದ್ರ ಮೇಲೆ ಬರ್ದಿದ್ದಕ್ಕೆ ನಾನ್ಯಾಕೆ ಸಿಟ್ಟು ಮಾಡ್ಕೊಳ್ಲಿ? ನೀನು ಮಾತಾಡೋದೇ ಹಂಗೆ. ಚಿಕ್ಕೋಳಿದ್ದಾಗ್ನಿಂದ ನಿನ್ ಬಾಯಲ್ಲಿ ಅವನ್ನ ಕೇಳ್ಕೊಂಡೇ ಬೆಳ್ದಿದ್ದೀನಿ.”

“ಮತ್ತೆ ಆರು ವರ್ಷ—”

“ನೀನು ಬರ್ಲಿಲ್ಲ.”

ಅವಳು ಕಪ್ಪನ್ನು ಮೇಜಿನ ಮೇಲಿಟ್ಟಳು.

“ಚರ್ಚಲ್ಲಿ ಅವ್ರ ಕಡೆ ನಲವತ್ತು ಜನ ಕೂತಿದ್ರು. ನನ್ ಕಡೆ ಬೆಂಚಲ್ಲಿ ಒಂದು ನರಪಿಳ್ಳೆ ಇಲ್ಲ. ನೀನು ಮುನಿಸ್ಕೊಂಡಿದ್ರೂ ಬರ್ತೀಯ, ಲೇಟಾಗಿ ಬಂದು ಎಲ್ರೆದುರಿಗೆ ಬೈದಾದ್ರೂ ಬೈತೀಯ ಅಂತ ಬಾಗ್ಲೇ ನೋಡ್ತಿದ್ದೆ. ಗಾಡಿಯೋನು ಬಂದ, ಪೆಟ್ಟಿಗೆ ತಂದ. ಎಲ್ಲಿಡ್ಲಮ್ಮ ಅಂದ. ಮುಂದಿನ ಬೆಂಚಲ್ಲಿ ನಿನ್ ಜಾಗದಲ್ಲಿ ಇಡ್ಸಿದೆ. ಕೊನೇಗೆ ನಮ್ಮತ್ತೆ ತಮ್ ಕಡೆಯೋರನ್ನ ಐದು ಜನಾನ ಎಬ್ಸಿ ಈ ಕಡೆ ಕೂರ್ಸಿದ್ರು, ನೋಡೋಕೆ ಚೆನ್ನಾಗಿರಲ್ಲ ಅಂತ.”

ಆ ಶನಿವಾರ ನಾನೆಲ್ಲಿದ್ದೆನೆಂದು ನನಗೆ ಚೆನ್ನಾಗಿ ನೆನಪಿದೆ. ಕಾರ್ಖಾನೆಯಲ್ಲಿ ನನ್ನ ಬೆಂಚಿನ ಮುಂದೆ ಕೂತು ಮೂರು ಡಜನ್ ಬೆಕ್ಕಿನ ಗಾದೆ ಬರೆಯುತ್ತಿದ್ದೆ. ರಜೆ ಕೇಳಿದ್ದರೆ ವಿಜರ್ ಕೊಡುತ್ತಿದ್ದ. ಹೇಳಬೇಕಾದ್ದನ್ನು ಜಗ್ಗಿನ ಮೇಲೆ ಹೇಳಿ ಕಳಿಸಿದ್ದೇನಲ್ಲ, ನಾನೇ ಹೋಗುವುದೇಕೆ ಎಂದುಕೊಂಡಿದ್ದೆ. ಸರಿಯಾದ ಮಾತು ಸಿಕ್ಕಿತೆಂದರೆ ಮನುಷ್ಯರು ಹೋಗದಿದ್ದರೂ ನಡೆಯುತ್ತದೆಂದು ನಾನು ನಿಜವಾಗಿಯೂ ನಂಬಿದ್ದೆ. ನಾನೇ ಸಾಕಿದ ಕೂಸು ಖಾಲಿ ಬೆಂಚು ನೋಡಿಕೊಂಡು ನಿಂತಿದ್ದಳು. ಆರು ವರ್ಷ ನಾನು ತಪ್ಪು ಜಾಗದಲ್ಲಿ ನನ್ನ ತಪ್ಪು ಹುಡುಕಿದ್ದೆ.

ಏನಾದರೂ ಹೇಳಬೇಕಿತ್ತು. ಎಂಬತ್ತರಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ, ಬಂದಿದ್ದರೂ ಕಚ್ಚಿ ಹಿಡಿಯುತ್ತಿದ್ದೆ. ಅಳು ಬಂತು, ಅತ್ತುಬಿಟ್ಟೆ. ಮುಚ್ಚಿಡಲಿಲ್ಲ. ಫೀನಾ ಹಿಟ್ಟಿನ ಕೈಯಲ್ಲೇ ನನ್ನ ಭುಜ ಹಿಡಿದುಕೊಂಡಳು. ನನ್ನ ಒಳ್ಳೆಯ ಕಪ್ಪು ಕೋಟಿನ ಮೇಲೆ ಐದು ಬೆರಳೂ ಮೂಡಿದವು.

“ಬರ್ಬೇಕಾಗಿತ್ತು ಕಣೇ ಫೀನಾ,” ಎಂದೆ. “ಬರ್ಬೇಕಾಗಿತ್ತು.”

“ಹೂಂ. ಬರ್ಬೇಕಾಗಿತ್ತು.” ಅವಳು ಮೂಗು ಒರೆಸಿಕೊಂಡಳು. ಕಣ್ಣಿನಲ್ಲಿ ಹಳೆಯ ಹಟ ಇನ್ನೂ ಇತ್ತು. “ಬರಹ ಬೇಡ ಅಂದಿದ್ದೂ ಅದಕ್ಕೇ, ಮಾತು ಕಳ್ಸೋಕಾಗ್ದಿದ್ರೆ ನೀನೇ ಬರ್ತೀಯೇನೋ ಅಂತ. ನಾಳೆ ಬೆಳಿಗ್ಗೆ ಹತ್ತಕ್ಕೆ ಬಾಗ್ಲು ತೆಗೀತೀನಿ. ಬರ್ತೀಯೋ, ಇಲ್ಲ ಪೆಟ್ಟಿಗೇಲಿ ಏನಾದ್ರೂ ಕಳಿಸ್ತೀಯೋ?”

ನಾಳೆ ಶನಿವಾರ. ರಜಾದಿನಗಳ ವ್ಯಾಪಾರಕ್ಕೆಂದು ನೂರಿಪ್ಪತ್ತು ಜಗ್ಗುಗಳನ್ನು ಬೆಳಿಗ್ಗೆಯೇ ಲೇಪದಲ್ಲಿ ಅದ್ದಿ ನನ್ನ ಬೆಂಚಿಗೆ ತಂದಿಡುತ್ತಾರೆ. ಲೇಪ ನನಗಾಗಿ ಕಾಯುವುದಿಲ್ಲ, ಒಣಗುತ್ತದೆ. ವಿಜರ್ ಕೂಗಾಡುತ್ತಾನೆ. ಕೂಗಾಡಲಿ.

“ಬರ್ಬೇಕು ಅಂದ್ರೆ ಮೊದ್ಲು ಹೋಗ್ಬೇಕಲ್ಲ,” ಎಂದೆ. “ನಾನು ಹೋಗೋದೇ ಇಲ್ಲ. ಹಾಸ್ಗೆ ಎಲ್ಲಿ ಹಾಕ್ತೀಯ ಹೇಳು.”