ಸಜ್ಜಾದ ಮೇಲಿನ ಹೆಸರು

ಲಕ್ಷ್ಮೇಶ್ವರದಲ್ಲಿ ಕಂಟ್ರಾಕ್ಟರ್ ನೀಲಪ್ಪ ಕಟ್ಟಿದ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಗಿಲ ಮೇಲೆ ಬಿಸಿಲು ಮಳೆಗೆಂದು ಚಾಚುವ ಸಜ್ಜಾದ ಅಂಚಿಗೆ ‘ನೀಲಪ್ಪ ಕಂಟ್ರಾಕ್ಟರ್, ನಂಬಿಗಸ್ತ ಕೆಲಸ’ ಎಂದು ಸಿಮೆಂಟಿನಲ್ಲೇ ಉಬ್ಬಕ್ಷರ ಎಬ್ಬಿಸುತ್ತಿದ್ದ. ಮನೆಯವರ ಹೆಸರಿಗೆ ಜಾಗ ಉಳಿದರೆ ಅದು ಅವರ ಪುಣ್ಯ.

ಅಲ್ಮಾಸಬಿಯ ಮನೆಗೂ ಹಾಗೇ ಬರೆಸಿದ. ಅಕ್ಷರ ಒಣಗಿದವು, ಸಜ್ಜಾ ಒಣಗಲಿಲ್ಲ. ಅಷ್ಟರಲ್ಲೇ ಶಿರಹಟ್ಟಿಯ ಕೆಲಸಕ್ಕೆ ಹಲಗೆ ಬೇಕೆಂದು ಕೆಳಗಿನ ಆಸರೆಯನ್ನೆಲ್ಲ ಕೀಳಿಸಿ ಒಯ್ದ. ಮರುದಿನ ಬೆಳಿಗ್ಗೆ ಅಲ್ಮಾಸಬಿ ಹೊಸ್ತಿಲು ಗುಡಿಸುವಾಗ ನಂಬಿಗಸ್ತ ಕೆಲಸ ಅವಳ ಬಲಗಾಲಿನ ಮೇಲೆ ಬಿತ್ತು. ಹೊಲಿಗೆ ಮಿಶನ್ ತುಳಿಯುವ ಕಾಲು. ತಾಯಿ ಮಗಳ ಹೊಟ್ಟೆ ನಡೆಯುತ್ತಿದ್ದುದೇ ಆ ಕಾಲಿನಿಂದ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ಮನೆಗೆ ಬಂದ ಮೇಲೆ ನೀಲಪ್ಪ ಟೆಂಪೊ ತಂದು ನಿಲ್ಲಿಸಿದ.

“ಅಕ್ಕಾರ, ಈ ಒಡದ ತುಂಡೆಲ್ಲಾ ಹೆಂಗಸರು ನೀವೆಲ್ಲಿ ಹೊರತೀರಿ? ನಾನ ಪುಕ್ಕಟ ಒಯ್ತೇನ್ರಿ.”

“ಮನಸು ದೊಡ್ಡದಪಾ ನಿಂದು,” ಎಂದಳು ಅಲ್ಮಾಸಬಿ, ಹಾಸಿಗೆಯಿಂದಲೇ.

ಮಗಳು ರುಹಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊರಗಿನವರ ಮುಂದೆ ಅವಳಿಗೆ ಬಾಯಿ ಬರುವುದೇ ಇಲ್ಲ. ಕಣ್ಣು ಮಾತ್ರ ಬಿಡುವುದಿಲ್ಲ. ನೀಲಪ್ಪ ಅಮ್ಮಿಯ ಕಾಲನ್ನು ನೋಡಲೇ ಇಲ್ಲ. ಬೂಟಿನ ತುದಿಯಿಂದ ಸಜ್ಜಾದ ಒಂದೊಂದೇ ತುಂಡು ಹೊರಳಿಸಿ ನೋಡುತ್ತಿದ್ದ. ಏನು ಹುಡುಕುತ್ತಾನೆಂದು ಅವಳಿಗೆ ಹೊಳೆಯಿತು. ಹಿಂದಿನ ದಿನವೇ ಆ ತುಂಡನ್ನು ಅವಳು ಬಚ್ಚಲ ಪಕ್ಕಕ್ಕೆ ಎಳೆದು, ಮೇಲೆ ಕೊಡ ಇಟ್ಟಿದ್ದಳು.

ತಲೆಯ ಮೇಲೆ ಸೆರಗು ಎಳೆದುಕೊಂಡು ಹೋಗಿ, ಕೋರ್ಟಿನ ಕೆಲಸದಿಂದ ನಿವೃತ್ತರಾದ ಪಕ್ಕದ ಮನೆಯ ಅನಂತರಾಯರನ್ನು ಕರೆತಂದಳು.

“ನೀಲಪ್ಪಾ, ದವಾಖಾನಿ ಖರ್ಚು ಯಾರದು?” ಎಂದರು ರಾಯರು.

“ನಂದೇನೈತ್ರಿ ರಾಯರ? ಆಸರಾ ಕಿತ್ತಾವ ಗೌಂಡಿ ಅಯ್ಯೂಬ. ಸಿಮೆಂಟು ನೋಡಿದ್ರ ಅಂಗಡಿಯವಂದು. ಮತ್ತ ಅಕ್ಕಾರು ಅದರ ಬುಡಕ ಯಾಕ ನಿಂತಿದ್ರು, ಕೇಳ್ರಿ?”

“ತಮ್ಮ ಬಾಗಲದಾಗ ನಿಲ್ಲಾಕ ನಿನ್ನ ಪರವಾನಗಿ ಬೇಕೇನಲೇ?”

“ಹಂಗಲ್ರಿ. ಕೆಲಸ ನಂದಲ್ಲ ಅಂದೆ.”

ರುಹಿ ಬಚ್ಚಲ ಪಕ್ಕಕ್ಕೆ ಹೋಗಿ ಕೊಡ ಎತ್ತಿದಳು. ತುಂಡು ಎಲ್ಲರ ಕಣ್ಣಿಗೆ ಬಿತ್ತು. ‘ನಂಬಿಗಸ್ತ ಕೆಲಸ’ ಪುಡಿಯಾಗಿ ಹೋಗಿತ್ತು. ‘ನೀಲಪ್ಪ ಕಂಟ್ರಾಕ್ಟರ್’ ಒಂದು ಬಿರುಕೂ ಇಲ್ಲದೆ ಉಳಿದಿತ್ತು.

“ಅದು ಬರೇ ಜಾಹೀರಾತ್ರೀ,” ಎಂದ ನೀಲಪ್ಪ.

“ಅಲ್ಮಾಸಬಿಗೆ ಮಾತು ಕೊಟ್ಟಾವ ನೀನು, ಹೊಣಿನೂ ನಿಂದ. ಅಯ್ಯೂಬನ್ನ ನೀ ಆಮ್ಯಾಲೆ ಹಿಡಕೋ. ಇಲ್ಲಾಂದ್ರ ಇದನ್ನ ಗದಗಿನ ಗ್ರಾಹಕರ ಕೋರ್ಟಿಗೆ ಒಯ್ಯೂಣು. ಟೆಂಪೊ ಹೆಂಗೂ ತಂದೀಯಲ್ಲ.”

ನೀಲಪ್ಪ ಆಗ ಮೊದಲ ಸಲ ಅಲ್ಮಾಸಬಿಯ ಕಾಲನ್ನು ನೋಡಿದ.

“ಆತ್ರಿ. ಅಕ್ಕಾರು ಎದ್ದು ಕುಂಡ್ರೂತನಾ ಎಲ್ಲಾ ಖರ್ಚು ನಂದು. ಸಜ್ಜಾನೂ ಹೊಸಾದು ಹಾಕ್ತೇನಿ. ಆ ತುಂಡೊಂದು ಕೊಟ್ಟಬಿಡ್ರಿ.”

ರುಹಿ ಕೊಡವನ್ನು ಮತ್ತೆ ಅದರ ಮೇಲಿಟ್ಟಳು.

“ಅಮ್ಮಿ ಮಿಶನ್ ತುಳದ ದಿನ ಬಂದು ಒಯ್ಯಿರಿ, ಕಾಕಾ,” ಎಂದಳು ನೆಲ ನೋಡುತ್ತ. “ಹೊಸಾ ಸಜ್ಜಾಕ್ಕೂ ಹೆಸರು ಹಾಕ್ರಿ. ಇದಕ್ಕಿಂತ ದೊಡ್ಡದು ಹಾಕ್ರಿ.”